ಬಂಡೆಯ ಹಿಂಬದಿಯ ಹಳದಿ ಪಟ್ಟೆ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಬೇಕರಿಯಾಕೆ ಠಾಣೆಗೆ ಬಂದಾಗ ಇನ್‌ಸ್ಪೆಕ್ಟರ್ ಮೇಜಿನ ಮರೆಯಲ್ಲಿ ಎಡ ಮಂಡಿಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ. ಬಯಲು ಸೀಮೆಯ ಪಟ್ಟಣದಿಂದ ಈ ಬೆಟ್ಟದ ಕಣಿವೆಗೆ ವರ್ಗವಾಗಿ ಬಂದಂದಿನಿಂದ ಅವನಿಗೂ ಆ ಮಂಡಿಗೂ ಸರಿಬರುತ್ತಿರಲಿಲ್ಲ. ಇಲ್ಲಿ ಹಾಲಿನ ಅಂಗಡಿಗೆ ಹೋಗಬೇಕಾದರೂ ಹತ್ತಬೇಕು, ಹಾಲು ತಂದು ಚಹಾ ಕುಡಿಯಬೇಕಾದರೆ ಇಳಿಯಬೇಕು. ಬೇಕರಿಯಾಕೆಯನ್ನು ಕಂಡು ಅವನು ಪ್ಯಾಂಟಿನ ಕಾಲನ್ನು ಗಡಿಬಿಡಿಯಲ್ಲಿ ಇಳಿಸಿದ.

ಆಕೆ ಮೇಜಿನ ಮೇಲೆ ಒಂದು ಪೊಟ್ಟಣ ಇಟ್ಟಳು. "ಬನ್ನು. ಲಂಚ ಅಂದುಕೋಬೇಡಿ ಸಾರ್, ನಿನ್ನೆ ಅಂಗಡಿ ಮುಚ್ಚಿದ್ದರಿಂದ ಉಳಿದದ್ದು."

"ಭಾನುವಾರ ಅಂಗಡಿ ಮುಚ್ಚಿದ್ರಾ? ಯಾಕೆ?"

"ಅದಕ್ಕೇ ಬಂದೆ. ದೂರು ಕೊಡಬೇಕು."

ಆಕೆ ಊರಿನ ಕಾಲುದಾರಿ ಬಳಗದ ಅಧ್ಯಕ್ಷೆ. ವಾರವೆಲ್ಲ ಬ್ರೆಡ್ಡು ಸುಡುವವಳು, ಬಸ್ಸು ಓಡಿಸುವವನು, ಔಷಧ ಮಾರುವವನು, ಹೀಗೆ ಒಂದಷ್ಟು ಜನ ರಜೆಯ ದಿನ ಕತ್ತಿ ಗುದ್ದಲಿ ಹಿಡಿದು ಬೆಟ್ಟದ ದಾರಿಗಳಲ್ಲಿ ಬೆಳೆದ ಪೊದೆ ಸವರುತ್ತಾರೆ, ಕುಸಿದ ಮೆಟ್ಟಿಲು ಕೂರಿಸುತ್ತಾರೆ, ದಾರಿ ತಿಳಿಯಲೆಂದು ಬಂಡೆಗಳ ಮೇಲೆ ಹಳದಿ ಪಟ್ಟೆ ಬಳಿಯುತ್ತಾರೆ, ಹೊಸಬರನ್ನು ಕರೆದುಕೊಂಡು ಹೋಗಿ ಬೆಟ್ಟ ತೋರಿಸುತ್ತಾರೆ. ಇದಕ್ಕೆ ಯಾರೂ ಅವರಿಗೆ ಸಂಬಳ ಕೊಡುವುದಿಲ್ಲ. ಮನೆಯವರು ಬೈಯುತ್ತಾರೆ, ಅಷ್ಟೇ.

"ನಿನ್ನೆ ಮಧ್ಯಾಹ್ನ ಅಂಚೆ ಹಂಚೋ ಹುಡುಗಿ ಚಿಲುಮೆ ದಾರಿಯಲ್ಲಿ, ಅದೇ ಮೇಲಿನ ನೀರಿನ ಬುಗ್ಗೆಗೆ ಹೋಗೋ ದಾರೀಲಿ, ಬಿದ್ದಳು," ಎಂದಳು ಬೇಕರಿಯಾಕೆ. "ತೊಡೆ ಮೂಳೆ ಮುರಿದಿದೆ. ಈ ಊರಿಗೆ ಬಂದು ಇನ್ನೂ ವರ್ಷ ಆಗಿಲ್ಲ ಪಾಪ, ನಮ್ಮ ಪಟ್ಟೆ ನಂಬಿ ಒಬ್ಬಳೇ ಹೋಗಿದ್ದಾಳೆ."

"ದಾರಿ ತಪ್ಪಿರಬೇಕು."

"ತಪ್ಪಿದ್ದಲ್ಲ ಸಾರ್, ತಪ್ಪಿಸಿದ್ದು. ಯಾರೋ ನಮ್ಮ ಹಳದಿ ಪಟ್ಟೆ ಮೇಲೆ ಬೂದು ಬಣ್ಣ ಹೊಡೆದು ಮುಚ್ಚಿದ್ದಾರೆ. ಕೊರಕಲಿನ ಕಡೆಗೆ ಹೊಸ ಹಳದಿ ಪಟ್ಟೆ ಬಳಿದಿದ್ದಾರೆ. ಅಲ್ಲಿ ಆಡು ಕೂಡ ಯೋಚನೆ ಮಾಡಿ ಕಾಲಿಡುತ್ತೆ."

ಇನ್‌ಸ್ಪೆಕ್ಟರ್ ಬನ್ನಿನ ಪೊಟ್ಟಣವನ್ನು ಪಕ್ಕಕ್ಕೆ ಸರಿಸಿ ಕಾಗದ ತೆಗೆದ. "ಪೋಕರಿ ಹುಡುಗರ ಆಟ ಇರಬಹುದಾ?"

"ಹುಡುಗರು ಬಳಿದಿದ್ರೆ ಬಂಡೆಗಿಂತ ಅವರ ಅಂಗಿ ಮೇಲೆ ಜಾಸ್ತಿ ಬಣ್ಣ ಇರುತ್ತಿತ್ತು. ಇಷ್ಟೊತ್ತಿಗೆ ಅವರಮ್ಮಂದಿರು ಊರೆಲ್ಲ ಕೇಳೋ ಹಾಗೆ ಬೈದಿರುತ್ತಿದ್ರು."

"ಯಾರ ಮೇಲೆ ಅನುಮಾನ?"

"ಬೇಲಿ ಮೇಲೆ."

ಇನ್‌ಸ್ಪೆಕ್ಟರ್ ಪೆನ್ನು ಎತ್ತಿ ನೋಡಿದ. ಬಾಗಿಲ ಬಳಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ನಗು ತಡೆದುಕೊಂಡಳು. ಅವಳು ಇದೇ ಊರಿನವಳು, ಎರಡು ಮಕ್ಕಳ ತಾಯಿ, ಯಾವ ಏರಿಗೂ ಏದುಸಿರು ಬಿಡದವಳು. "ಹುಲ್ಲುಗಾವಲಿನ ಯಜಮಾನ ಸಾರ್. ಕಂಡದ್ದಕ್ಕೆಲ್ಲ ಬೇಲಿ ಹಾಕ್ತಾನೆ ಅಂತ ಆ ಹೆಸರು. ಬಳಗದವರನ್ನ ಕಂಡ್ರೆ ಉರಿದು ಬೀಳ್ತಾನೆ."

"ಆ ದಾರಿಯ ಉಸ್ತುವಾರಿ ಯಾರದು?"

"ಒಬ್ಬೊಬ್ಬರಿಗೆ ಒಂದೊಂದು ದಾರಿ ಹಂಚಿಕೊಂಡಿದ್ದೀವಿ. ಚಿಲುಮೆ ದಾರಿ ನಮ್ಮ ಕೊನೆಯಣ್ಣನದು," ಎಂದವಳು, ಇನ್‌ಸ್ಪೆಕ್ಟರ್ ಮತ್ತೆ ಪೆನ್ನು ಎತ್ತುವ ಮುಂಚೆ ತಾನೇ ವಿವರಿಸಿದಳು. "ಬಡಗಿ. ನಾವು ಜನರನ್ನ ಕರೆದುಕೊಂಡು ಹೋಗುವಾಗ ಯಾರೂ ಹಿಂದೆ ಉಳೀಬಾರದು ಅಂತ ಅವರು ಎಲ್ಲರ ಕೊನೆಗೆ ನಡೀತಾರೆ. ಅವರ ಹೆಂಡತಿ ಟೀಚರ್ ಎಲ್ಲರಿಗಿಂತ ಮುಂದೆ. ಬಳಗ ಕಟ್ಟಿದ್ದೇ ಆಕೆ. ಈಗ ಟೀಚರ್ ಊರಲ್ಲಿಲ್ಲ, ತಂಗಿ ಮನೆಗೆ ಹೋಗಿ ತುಂಬಾ ದಿನ ಆಯ್ತು. ನಿನ್ನೆ ಆ ಹುಡುಗಿ ಸೀಟಿ ಊದಿದ್ದು ಕೇಳಿ ಓಡಿಹೋಗಿದ್ದೂ ಕೊನೆಯಣ್ಣನೇ. ಕಾಲಿಗೆ ಪಟ್ಟಿ ಕಟ್ಟಿ, ನಮಗೆಲ್ಲ ಸುದ್ದಿ ಮುಟ್ಟಿಸಿ, ತನ್ನ ಏಣಿ ಮೇಲೆ ಮಲಗಿಸಿ ಇಳಿಸಿದ್ರು. ಅವರ ಮೇಲೆ ಅನುಮಾನ ಪಡೋದಾದ್ರೆ ಮೊದಲು ನನ್ನನ್ನ ಒಳಗೆ ಹಾಕಿ."

ಇನ್‌ಸ್ಪೆಕ್ಟರ್ ಯಾರನ್ನೂ ಒಳಗೆ ಹಾಕಲಿಲ್ಲ. ಅಪರಿಚಿತ ವ್ಯಕ್ತಿಗಳ ವಿರುದ್ಧ ಎಫ್‌ಐಆರ್ ದಾಖಲಿಸಿ, ಆಕೆಯ ಸಹಿ ಪಡೆದು, ಒಂದು ಬನ್ನು ತಿಂದು, ಆಸ್ಪತ್ರೆಗೆ ಹೊರಟ.

ಅಂಚೆಯ ಹುಡುಗಿ ಕಾಲನ್ನು ದಿಂಬುಗಳ ಮೇಲಿಟ್ಟುಕೊಂಡು ಮಲಗಿದ್ದಳು. ಮೂಳೆಗೆ ಸರಳು ಹಾಕಿದ್ದೇವೆ, ನಡೆದಾಡಲು ತಿಂಗಳುಗಳೇ ಬೇಕು, ಮೊದಲಿನಂತೆ ನಡೆಯುತ್ತಾಳೋ ಇಲ್ಲವೋ ಈಗಲೇ ಹೇಳಲಾಗದು ಎಂದು ವೈದ್ಯರು ಹೊರಗೆ ಹೇಳಿದ್ದರು. ಒಳಗೆ ಅವಳಿಗೆ ಅಷ್ಟನ್ನೂ ಹೇಳಿದ್ದಂತೆ ಕಾಣಲಿಲ್ಲ.

"ವಾರವೆಲ್ಲ ಮನೆಮನೆ ಸುತ್ತೋದು ಸಾಲದು ಅಂತ ರಜೆ ದಿನಾನೂ ನಡೀತೀಯಲ್ಲಮ್ಮ," ಎಂದ ಇನ್‌ಸ್ಪೆಕ್ಟರ್.

"ಅದು ಕೆಲಸದ ನಡಿಗೆ ಸಾರ್. ಇದು ನನ್ನ ನಡಿಗೆ."

"ಬಿದ್ದದ್ದು ಹೇಗೆ?"

"ಪಟ್ಟೆ ನೋಡ್ಕೊಂಡೇ ಹೋದೆ. ಕೊರಕಲಿನಲ್ಲಿ ಕಲ್ಲಿನ ಮೆಟ್ಟಿಲು ಬೇರೆ ಇದ್ವು, ಹಾಗಾಗಿ ದಾರಿ ಸರಿ ಇದೆ ಅಂದುಕೊಂಡೆ. ಒಂದು ಕಲ್ಲು ಕಾಲಿನ ಕೆಳಗೇ ಮಗುಚಿತು. ಶನಿವಾರ ಮಳೆ ಬಂದಿತ್ತಲ್ಲ."

"ಸುತ್ತ ಯಾರನ್ನಾದರೂ ನೋಡಿದೆಯಾ?"

"ಇಲ್ಲ. ಸೀಟಿ ಊದಿದೆ. ಬಡಗಿ ಮಾಮ ಬಂದ್ರು. ಪಾಪ, ನನಗಿಂತ ಜಾಸ್ತಿ ಅವರೇ ಅತ್ತಿದ್ದು. 'ತಪ್ಪಾಯ್ತಮ್ಮ, ತಪ್ಪಾಯ್ತು' ಅಂತಾನೇ ಇದ್ರು. ಕೊನೆಗೆ ನಾನೇ ಅವರಿಗೆ ಸಮಾಧಾನ ಹೇಳಬೇಕಾಯ್ತು." ಅವಳು ನಕ್ಕಳು. ನಗುತ್ತಲೇ ಅವಳ ಮುಖ ಸಣ್ಣಗಾಯಿತು. "ಸಾರ್, ನನ್ನ ಕೆಲಸ ಇನ್ನೂ ಕಾಯಂ ಆಗಿಲ್ಲ. ಕುಂಟುತ್ತಾ ಅಂಚೆ ಹಂಚಿದ್ರೆ ಇಟ್ಕೋತಾರಾ?"

ಇನ್‌ಸ್ಪೆಕ್ಟರ್ ಹೇಳಿಕೆ ಬರೆದುಕೊಂಡು, ಓದಿ ಹೇಳಿ, ಸಹಿ ಹಾಕಿಸಿಕೊಂಡ. ಬಡಗಿಯ ಅಳುವನ್ನು ಒಳ್ಳೆಯ ಮನುಷ್ಯನೊಬ್ಬನ ಕನಿಕರವೆಂದೇ ತಿಳಿದ. ಹೊರಗೆ ಬಂದು ಜೀಪಿನ ಬಾಗಿಲನ್ನು ಸಿಟ್ಟಿನಿಂದ ಎಳೆದು ಮುಚ್ಚಿದ. ಯಾರೇ ಆಗಲಿ, ಅವನನ್ನು ಸುಮ್ಮನೆ ಬಿಡಬಾರದು ಅಂದುಕೊಂಡ.

ಮಧ್ಯಾಹ್ನ ಸ್ಥಳ ಪಂಚನಾಮೆ. ಪಂಚರಾಗಿ ಬಸ್ ಡ್ರೈವರ್ ಮತ್ತು ಔಷಧ ಅಂಗಡಿಯವನು, ದಾರಿ ತೋರಿಸಲು ಬೇಕರಿಯಾಕೆ, ಬರೆದುಕೊಳ್ಳಲು ಕಾನ್‌ಸ್ಟೇಬಲ್. ಎಲ್ಲರೂ ಹರಟುತ್ತಾ ಹತ್ತುತ್ತಿದ್ದರೆ ಇನ್‌ಸ್ಪೆಕ್ಟರ್ ಉಸಿರು ಉಳಿಸಿಕೊಳ್ಳಲೆಂದು ಗಂಭೀರವಾಗಿದ್ದ. ಗಂಭೀರ ಮುಖ ಕಂಡು ಪಂಚರಿಬ್ಬರೂ ಪ್ರಕರಣ ದೊಡ್ಡದೇ ಇರಬೇಕೆಂದು ತಾವೂ ಮಾತು ನಿಲ್ಲಿಸಿದರು.

ದಾರಿ ಕವಲೊಡೆಯುವಲ್ಲಿ ಎದೆಯೆತ್ತರದ ಬಂಡೆ. ಅದರ ಮೇಲೆ ಕಲ್ಲಿನದೇ ಬಣ್ಣದ ಬೂದು ಪಟ್ಟೆ. ಬೆರಳಿಂದ ಮುಟ್ಟಿದರಷ್ಟೇ ಅಡಿಯಲ್ಲಿ ಹಳೆಯ ಬಣ್ಣವಿದೆ ಎಂದು ತಿಳಿಯುತ್ತಿತ್ತು. ಬಲಕ್ಕೆ, ಕೊರಕಲಿನ ಕಡೆಗೆ, ಹೊಚ್ಚ ಹೊಸ ಹಳದಿ.

"ಪಟ್ಟೆ ಬಳಿಯೋದು ಹೇಗೆ ನೀವು?" ಎಂದು ಕೇಳಿದ ಇನ್‌ಸ್ಪೆಕ್ಟರ್.

"ಮೊದಲು ತಂತಿ ಬ್ರಷ್‌ನಿಂದ ಪಾಚಿ ಕೆರೀತೀವಿ. ಇಲ್ಲದಿದ್ರೆ ಒಂದೇ ಮಳೆಗೆ ಬಣ್ಣ ಎದ್ದು ಬರುತ್ತೆ. ಆಮೇಲೆ ಒಂದು ಪಟ್ಟೆ ಹತ್ತಿರ ನಿಂತರೆ ಮುಂದಿನ ಪಟ್ಟೆ ಕಾಣಲೇಬೇಕು. ಕಾಣದಿದ್ರೆ ನಡುವೆ ಇನ್ನೊಂದು."

ಇನ್‌ಸ್ಪೆಕ್ಟರ್ ಪಟ್ಟೆಯಿಂದ ಪಟ್ಟೆಗೆ ನಡೆದ. ಪ್ರತಿಯೊಂದರ ಬಳಿ ನಿಂತಾಗಲೂ ಮುಂದಿನದು ಕಾಣುತ್ತಿತ್ತು. ಪಾಚಿಯನ್ನೂ ನೀಟಾಗಿ ಕೆರೆದಿದ್ದರು. ಬಣ್ಣದ ಚೂರುಗಳನ್ನು ಕೆರೆದು ಲಕೋಟೆಗೆ ಹಾಕಿ ಮೊಹರು ಮಾಡಿದರು. ಕೊರಕಲಿನಲ್ಲಿ ಮಗುಚಿದ ಕಲ್ಲಿನ ಸುತ್ತ ಅಳತೆ ತೆಗೆಯುತ್ತಿರುವಾಗ ಮೇಲಿನಿಂದ ಗುಡುಗಿದಂಥ ದನಿ ಕೇಳಿಸಿತು.

"ಯಾವನ್ರೀ ಅವನು ನನ್ನ ಜಾಗದಲ್ಲಿ?"

ದೊಣ್ಣೆ ಹಿಡಿದು ಇಳಿದು ಬರುತ್ತಿದ್ದವನು ಬೇಲಿ. ಸಮವಸ್ತ್ರ ಕಂಡು ದೊಣ್ಣೆಯನ್ನು ಊರುಗೋಲು ಮಾಡಿಕೊಂಡ.

"ಈ ಕೊರಕಲು ನಿಂದಾ?" ಕೇಳಿದ ಇನ್‌ಸ್ಪೆಕ್ಟರ್.

"ಇದೂ ನಂದೇ, ಮೇಲಿನ ಹುಲ್ಲುಗಾವಲೂ ನಂದೇ. ಆ ಚಿಲುಮೆ ಒಂದು ಬಿಟ್ಟು."

"ಪಟ್ಟೆ ಬಳಿದದ್ದು?"

"ನಾನಾ?" ಅವನ ಕಣ್ಣುಗಳು ಮೇಲೆ ಹೋದವು. "ಸ್ವಾಮಿ, ಈ ಪಟ್ಟೆ ಬಂದ ಮೇಲೆ ದಾರಿಹೋಕರೆಲ್ಲ ನನ್ನ ಹಸುಗಳ ನಡುವೆ ತೂರಿಕೊಂಡು ಹೋಗ್ತಾ ಇದಾರೆ. ಹಸುಗಳು ಬೆದರಿ ಹಾಲು ಕಮ್ಮಿ ಕೊಡ್ತಾ ಇವೆ. ಅವರನ್ನ ತಡೆಯೋಕೆ ನಾನು ಜೀವಮಾನವೆಲ್ಲ ಕಂಬ ನೆಟ್ಟೋನು. ನಾನೇ ಬಣ್ಣ ಹಚ್ಚಿ, ಬನ್ನಿ ಬನ್ನಿ ಅಂತ ಕರೀತೀನಾ?"

"ದೂರು ಯಾಕೆ ಕೊಡಲಿಲ್ಲ?"

"ಕೊಡೋಣ ಅಂತ ಬಳಗದ ಬಡಗಿ ಹತ್ತಿರ ಹೋಗಿದ್ದೆ. 'ಈ ಒಂದು ಹಂಗಾಮು ತಡ್ಕೊಳ್ಳಣ್ಣ, ಆಮೇಲೆ ನಾನೇ ಸರಿ ಮಾಡ್ತೀನಿ' ಅಂದ. ಅವನ ಮುಖ ನೋಡಿ ಸುಮ್ಮನಾದೆ."

ಇನ್‌ಸ್ಪೆಕ್ಟರ್ ಬೇಕರಿಯಾಕೆಯತ್ತ ನೋಡಿದ. ಆಕೆ ಕಲ್ಲು ನೋಡುತ್ತಿದ್ದಳು.

ಪಂಚನಾಮೆ ಮುಗಿಸಿ ಇಳಿಯತೊಡಗಿದರು. ಹತ್ತುವಾಗ ಮಂಡಿಗೆ ನೋವಾದರೆ ಇಳಿಯುವಾಗ ಪ್ರಾಣವೇ ಹೋಗುತ್ತದೆ. ಇನ್‌ಸ್ಪೆಕ್ಟರ್ ಒಂದೊಂದೇ ಹೆಜ್ಜೆ ಇಟ್ಟು, ನಿಂತು, ತಲೆಯೆತ್ತಿ ಉಸಿರು ಬಿಡುತ್ತಿದ್ದ. ಹಾಗೆ ತಲೆಯೆತ್ತಿದಾಗೆಲ್ಲ ಎದುರಿಗೊಂದು ಹಳದಿ ಪಟ್ಟೆ ಕಾಣುತ್ತಿತ್ತು. ಮೂರನೆಯ ಸಲ ಅವನು ಅಲ್ಲೇ ನಿಂತುಬಿಟ್ಟ.

"ಬಂಡೆಯ ಈ ಕಡೆಗೂ ಯಾಕೆ ಬಳಿದಿದ್ದಾರೆ?"

"ಅದು ವಾಪಸ್ ಬರೋರಿಗೆ ಸಾರ್," ಎಂದಳು ಬೇಕರಿಯಾಕೆ. "ಬೆಟ್ಟದಲ್ಲಿ ಹೋಗುವಾಗ ಕಂಡ ದಾರಿ ಬರುವಾಗ ಬೇರೆ ಥರಾನೇ ಕಾಣುತ್ತೆ. ಜನ ತಪ್ಪಿಸಿಕೊಳ್ಳೋದು ಬರುವಾಗಲೇ. ಅದಕ್ಕೇ ನಮ್ಮಲ್ಲಿ ಎರಡೂ ಕಡೆ ಬಳೀದೆ ಡಬ್ಬಿ ಮುಚ್ಚೋ ಹಾಗಿಲ್ಲ. ಟೀಚರ್ ಮಾಡಿದ ನಿಯಮ…"

ಆಕೆಯ ಮಾತು ಅಲ್ಲೇ ನಿಂತಿತು. ಬಸ್ ಡ್ರೈವರ್ ಔಷಧ ಅಂಗಡಿಯವನ ಮುಖ ನೋಡಿದ. ಔಷಧ ಅಂಗಡಿಯವನು ಆಕಾಶ ನೋಡಿದ.

"ಜನರನ್ನ ಬೀಳಿಸಬೇಕು ಅನ್ನೋನು ವಾಪಸ್ ಬರೋ ದಾರಿ ಯಾಕೆ ತೋರಿಸ್ತಾನೆ?" ಎಂದು ಇನ್‌ಸ್ಪೆಕ್ಟರ್ ಮೆಲ್ಲಗೆ ಕೇಳಿದ.

ಬೇಕರಿಯಾಕೆಯ ಕಣ್ಣಲ್ಲಿ ನೀರು ತುಂಬಿತ್ತು. "ನಮ್ಮಲ್ಲಿ ಅಂಥವರು ಯಾರೂ ಇಲ್ಲ ಸಾರ್," ಎಂದಳು. ಬೆಳಗ್ಗೆ 'ಮೊದಲು ನನ್ನನ್ನ ಒಳಗೆ ಹಾಕಿ' ಅಂದಾಗಿನ ಗಟ್ಟಿತನ ಆ ದನಿಯಲ್ಲಿರಲಿಲ್ಲ.

ಸಂಜೆ ಠಾಣೆಯಲ್ಲಿ ಇನ್‌ಸ್ಪೆಕ್ಟರ್ ತಲೆ ಕೆರೆದುಕೊಂಡು ಕುಳಿತ. ಪಾಚಿ ಕೆರೆದಿದ್ದಾನೆ, ಮೆಟ್ಟಿಲು ಕೂರಿಸಿದ್ದಾನೆ, ಮರಳುವ ದಾರಿ ತೋರಿಸಿದ್ದಾನೆ. ಯಾರಿಗೂ ಕೆಡುಕು ಬಯಸದವನು ಇಷ್ಟೆಲ್ಲ ಕಷ್ಟಪಟ್ಟು ಕೆಡುಕು ಮಾಡಿದ್ದೇಕೆ?

"ಸಾರ್," ಎಂದಳು ಕಾನ್‌ಸ್ಟೇಬಲ್, ಚಹಾದ ಲೋಟ ಇಡುತ್ತಾ. "ಜನರನ್ನ ಎಲ್ಲಿಗೆ ಕಳಿಸಿದ ಅಂತ ನೋಡಿದ್ವಿ. ಎಲ್ಲಿಂದ ದೂರ ಇಟ್ಟ ಅಂತ ನೋಡಲೇ ಇಲ್ಲ."

ಇನ್‌ಸ್ಪೆಕ್ಟರ್ ಅವಳನ್ನೇ ನೋಡಿದ. "ನಾಳೆ ಮತ್ತೆ ಹತ್ತಬೇಕಾ?"

"ಹೂಂ ಸಾರ್."

"ನಿನಗೆ ಬಡ್ತಿ ಸಿಕ್ಕಿದ್ರೆ ನನ್ನ ಪ್ರಾಣ ಉಳಿಯುತ್ತಮ್ಮ. ಬೇರೆ ಠಾಣೆಗಾದ್ರೂ ಹೋಗ್ತೀಯ."

ಮಂಗಳವಾರ ಬೆಳಗ್ಗೆ ಎಂಟಕ್ಕೆ ಇಬ್ಬರೇ ಹೊರಟರು. ಕವಲಿನಲ್ಲಿ ಎಡಕ್ಕೆ ತಿರುಗಿ, ಬೂದು ಬಣ್ಣ ಹೊಡೆದ ಬಂಡೆಗಳನ್ನು ಹುಡುಕುತ್ತಾ ಹಳೆಯ ದಾರಿಯಲ್ಲಿ ನಡೆದರು. ದಾರಿ ಸಮತಟ್ಟಾಗಿತ್ತು, ನೆರಳಿತ್ತು. ಇಷ್ಟು ಒಳ್ಳೆಯ ದಾರಿಯನ್ನು ಮುಚ್ಚುವವನಿಗೆ ತಲೆ ಕೆಟ್ಟಿರಬೇಕು ಎನಿಸಿತು ಇನ್‌ಸ್ಪೆಕ್ಟರ್‌ಗೆ. ತಿರುವಿನಲ್ಲಿ ಒಂದೇ ಒಂದು ಮನೆ. ದಾರಿಗೂ ಅದರ ಗೇಟಿಗೂ ನಡುವೆ ಕೈಚಾಚಿದಷ್ಟು ಅಂತರ. ಮನೆಯ ಹಿಂದಿನ ಕೊಟ್ಟಿಗೆಯಿಂದ ಹಲಗೆ ಕೀಸುವ ಸದ್ದು ಬರುತ್ತಿತ್ತು.

ಗೇಟಿನ ಚಿಲಕ ಹೊರಗಡೆಗಿತ್ತು. ಒಳಗಿನಿಂದ ಕೈ ಹಾಕಿದರೂ ಎಟುಕದಂತೆ ಅದರ ಮೇಲೊಂದು ಹಲಗೆ ಬಡಿದಿದ್ದರು. ಕಳ್ಳರಿಗೆ ಹೆದರುವವರು ಒಳಗೆ ಚಿಲಕ ಹಾಕಿಕೊಳ್ಳುತ್ತಾರೆ. ಇದನ್ನು ಮಾಡಿದವನು ಒಳಗಿರುವವರು ಹೊರಗೆ ಬರಬಾರದೆಂದು ಮಾಡಿದ್ದ. ತಂಗಿಯ ಮನೆಗೆ ಹೋಗಿ ತುಂಬಾ ದಿನವಾದ ಬಡಗಿಯ ಹೆಂಡತಿಯ ನೆನಪಾಗಿ, ಇನ್‌ಸ್ಪೆಕ್ಟರ್ ಕಾನ್‌ಸ್ಟೇಬಲ್‌ಗೆ ಹಿತ್ತಲ ಬಾಗಿಲಿಗೆ ಹೋಗುವಂತೆ ಕಣ್ಸನ್ನೆ ಮಾಡಿದ.

ಬಡಗಿ ಕೊಟ್ಟಿಗೆಯಿಂದ ಹೊರಗೆ ಬಂದ. ಅರವತ್ತರ ಹತ್ತಿರದ ಉದ್ದನೆಯ ಮನುಷ್ಯ, ಹುಬ್ಬಿನ ಮೇಲೆಲ್ಲ ಮರದ ಪುಡಿ. ಪೊಲೀಸರನ್ನು ನೋಡಿ ಅವನು ಗಾಬರಿಯಾಗಲಿಲ್ಲ. ಕಾದು ಕುಳಿತವನು ಬಸ್ಸು ಬಂದಾಗ ಏಳುವಂತೆ ಎದ್ದು ಬಂದಿದ್ದ.

"ಹೆಂಡತಿ ಎಲ್ಲಿ?" ಇನ್‌ಸ್ಪೆಕ್ಟರ್ ನೇರವಾಗಿ ಕೇಳಿದ.

"ತಂಗಿ ಮನೆಗೆ…"

"ರೀ," ಎಂದು ಮನೆಯೊಳಗಿಂದ ದನಿ ಬಂತು. "ಬಂದ್ರಾ ಎಲ್ಲರೂ? ನನ್ನ ಬೂಟು ಎಲ್ಲಿಟ್ರಿ?"

ಬಾಗಿಲಲ್ಲಿ ಹೆಂಗಸೊಬ್ಬರು ನಿಂತಿದ್ದರು. ಕೂದಲು ಬಾಚಿ, ಅಚ್ಚುಕಟ್ಟಾಗಿ ಉಡುಗೆ ತೊಟ್ಟು, ಬರಿಗಾಲಲ್ಲಿ. ಕೈಗಳ ಗೆಣ್ಣುಗಳು ನೀಲಿಗಟ್ಟಿ ಊದಿದ್ದವು. ಆಕೆ ಇನ್‌ಸ್ಪೆಕ್ಟರ್‌ನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. "ಹೊಸಬರಾ? ನೀರು ತಂದಿದೀರಾ? ಮಂಡಿ ನೋವು ಅಲ್ವಾ, ನಿಂತಿರೋದು ನೋಡಿದ್ರೇ ಗೊತ್ತಾಗುತ್ತೆ. ಇಳಿಯುವಾಗ ಅಡ್ಡಡ್ಡ ಇಳೀಬೇಕು, ನೆಟ್ಟಗೆ ಇಳೀಬಾರದು."

"ಆಗಲಿ ಟೀಚರ್," ಎಂದ ಇನ್‌ಸ್ಪೆಕ್ಟರ್.

"ಹೊಸಬರಾ?" ಎಂದು ಆಕೆ ಮತ್ತೆ ಕೇಳಿದರು. "ನೀರು ತಂದಿದೀರಾ?"

ಕಾನ್‌ಸ್ಟೇಬಲ್ ಹಿತ್ತಲಿನಿಂದ ಬಂದು ಟೀಚರ್ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಗಂಡಸರಿಬ್ಬರೂ ಕೊಟ್ಟಿಗೆಯಲ್ಲಿ ನಿಂತರು. ಮಾಡಿನ ತೊಲೆಗೆ, ಕೈಗೆಟುಕದ ಎತ್ತರದಲ್ಲಿ, ಹೆಂಗಸರ ಬೂಟುಗಳು ತೂಗಾಡುತ್ತಿದ್ದವು. ಮೂಲೆಯಲ್ಲಿ ಬೂದು ಬಣ್ಣದ ಡಬ್ಬಿ, ಹಳದಿ ಬಣ್ಣದ ಡಬ್ಬಿ. ಮುಚ್ಚಿಡುವ ಪ್ರಯತ್ನವನ್ನೂ ಮಾಡಿರಲಿಲ್ಲ.

"ಪಟ್ಟೆ ನೀವೇ ಬಳಿದದ್ದಾ?"

"ನಾನೇ."

"ಯಾಕೆ?"

"ಜನ ಬೂಟು ಹಾಕ್ಕೊಂಡು, ಕೋಲು ಹಿಡ್ಕೊಂಡು ಗೇಟಿನ ಮುಂದೆ ಹೋಗೋದು ಕಂಡ್ರೆ ಸಾಕು, ನನ್ನ ಬಿಟ್ಟು ಹೊರಟ್ರು ಅಂತ ಅವಳು ಹಿಂದೆ ಓಡ್ತಾಳೆ. ಸ್ವಲ್ಪ ದೂರ ಹೋದ ಮೇಲೆ ಯಾಕೆ ಬಂದೆ ಅಂತ ಗೊತ್ತಾಗಲ್ಲ. ಎಲ್ಲಿದೀನಿ ಅಂತಾನೂ ಗೊತ್ತಾಗಲ್ಲ. ಒಂದು ಸಲ ಹೊಳೆಯೊಳಗೆ ಸೊಂಟದವರೆಗೆ ಇಳಿದು ನಿಂತಿದ್ಲು. ಈ ಬೆಟ್ಟದಲ್ಲಿ ಅವಳು ಕಾಣದ ಕಲ್ಲಿಲ್ಲ ಸಾರ್."

"ಬಳಗಕ್ಕೆ ಹೇಳಿದ್ರೆ ಅವರೇ ದಾರಿ ಬದಲಿಸ್ತಿರಲಿಲ್ವಾ?"

"ಬದಲಿಸ್ತಿದ್ರು. ಯಾಕೆ ಅಂತ ಕೇಳ್ತಿದ್ರು."

"ಕೇಳಿದ್ರೆ ಏನಾಗ್ತಿತ್ತು?"

ಬಡಗಿ ಅಂಗೈಯಿಂದ ಹುಬ್ಬಿನ ಪುಡಿ ಒರೆಸಿಕೊಂಡ. "ಮರೆವು ಶುರುವಾದಾಗ ಅವಳಿಗೇ ಗೊತ್ತಾಯ್ತು. ಒಂದು ದಿನ ಕೂರಿಸಿಕೊಂಡು ಹೇಳಿದ್ಲು. 'ಅವರು ನನ್ನ ಹಿಂದೆ ನಡೆದ ಜನ, ನನ್ನನ್ನ ಈ ಸ್ಥಿತೀಲಿ ಅವರಿಗೆ ತೋರಿಸಬೇಡಿ' ಅಂದ್ಲು. ನಾನು ಮಾತು ಕೊಟ್ಟೆ. ಅವಳಿಗೆ ಈಗ ಆ ಮಾತು ನೆನಪಿಲ್ಲ. ನನಗಿದೆಯಲ್ಲ."

ಇನ್‌ಸ್ಪೆಕ್ಟರ್ ಹಳದಿ ಡಬ್ಬಿಯ ಮುಚ್ಚಳ ತೆಗೆದು ನೋಡಿದ. "ಬೇರೆ ದಾರಿ ಸಿಗಲಿಲ್ವಾ? ಆ ಕೊರಕಲೇ ಬೇಕಿತ್ತಾ?"

"ಚಿಲುಮೆಗೆ ಹೋಗೋಕೆ ಈ ದಾರಿ ಬಿಟ್ರೆ ಇರೋದು ಅದೊಂದೇ. ಕಲ್ಲೆಲ್ಲ ನಾನೇ ಕೂರಿಸಿದೆ. ಎಷ್ಟೋ ಸಲ ಹತ್ತಿ ಇಳಿದು ನೋಡಿದೆ, ಒಂದೂ ಅಲುಗಲಿಲ್ಲ. ಮಳೆ ಆದ ಮೇಲೆ ಮತ್ತೆ ಹೋಗಿ ನೋಡಬೇಕಿತ್ತು. ಇವಳು ಭಾನುವಾರ ಬೆಳಗ್ಗಿನಿಂದ ತುಂಬಾ ಹಟ ಮಾಡ್ತಿದ್ಲು, ಬಿಟ್ಟು ಹೋಗೋಕಾಗಲಿಲ್ಲ." ಅವನ ದನಿ ಒಡೆಯಿತು. "ಸೀಟಿ ಕೇಳಿಸಿದಾಗಲೇ ಗೊತ್ತಾಯ್ತು ಸಾರ್. ಇವಳನ್ನ ಒಳಗೆ ಹಾಕಿ ಚಿಲಕ ಎಳೆದು ಓಡಿದೆ. ವಾಪಸ್ ಬಂದಾಗ ಬಾಗಿಲು ಬಡಿದೂ ಬಡಿದೂ ಕೈ ಹಾಗೆ ಮಾಡ್ಕೊಂಡಿದ್ಲು. ಠಾಣೆಗೆ ಬರೋಣ ಅಂತ ನಿನ್ನೆ ಎರಡು ಸಲ ಗೇಟಿನ ತನಕ ಬಂದೆ. ಯಾರ ಹತ್ತಿರ ಬಿಟ್ಟು ಬರಲಿ?"

"ಒಂದು ಹೇಳಿ. ಬಂಡೆ ಹಿಂಬದಿಗೂ ಯಾಕೆ ಬಳಿದ್ರಿ? ಅದಿಲ್ಲದಿದ್ರೆ ನಾನು ಇನ್ನೂ ಆ ಬೇಲಿಯ ಬೆನ್ನು ಹತ್ತಿರುತ್ತಿದ್ದೆ."

ಬಡಗಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಹೋದವರು ಬರಬೇಡ್ವಾ ಸಾರ್?" ಎಂದ.

ನಿನ್ನೆಯಿಂದ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಹಾಕಬೇಕೋ ಇನ್‌ಸ್ಪೆಕ್ಟರ್‌ಗೆ ತಿಳಿಯಲಿಲ್ಲ. ಈ ಮನುಷ್ಯನನ್ನು ನೋಡಿದರೆ ಕರುಳು ಹಿಂಡುತ್ತಿತ್ತು. ಆಸ್ಪತ್ರೆಯ ಮಂಚದ ಮೇಲಿನ ಹುಡುಗಿಯನ್ನು ನೆನೆದರೂ ಅಷ್ಟೇ ಹಿಂಡುತ್ತಿತ್ತು. ಇಂಥ ಹೊತ್ತಿನಲ್ಲಿ ಕಾನೂನಿನ ಕಾಗದಗಳು ಎಷ್ಟೋ ಆಸರೆ. ಮುಂದೇನು ಮಾಡಬೇಕೆಂದು ಅವು ತಾವೇ ಹೇಳುತ್ತವೆ. ಡಬ್ಬಿಗಳನ್ನೂ ಬ್ರಷ್ಷುಗಳನ್ನೂ ವಶಪಡಿಸಿಕೊಂಡ. ಬೆಳಗ್ಗೆ ಹತ್ತೂ ಕಾಲಿಗೆ ಬಂಧನದ ಪತ್ರ ಬರೆದ. ಬಂಧನದ ವಿಷಯ ಯಾವ ಸಂಬಂಧಿಕರಿಗೆ ತಿಳಿಸಬೇಕು ಎಂಬಲ್ಲಿಗೆ ಬಂದು ಪೆನ್ನು ನಿಂತಿತು.

"ನನಗೆ ಅವಳು ಬಿಟ್ರೆ ಯಾರೂ ಇಲ್ಲ," ಎಂದ ಬಡಗಿ. "ನಾನೇ ಹೇಳ್ತೀನಿ."

ನಡುಮನೆಯಲ್ಲಿ ಟೀಚರ್ ಕಾನ್‌ಸ್ಟೇಬಲ್‌ಗೆ ಬೆಟ್ಟದ ಸಾಲುಗಳ ಬಗ್ಗೆ ಹೇಳುತ್ತಿದ್ದರು. ಬಡಗಿ ಅವರ ಪಕ್ಕ ಕೂತು, ಊದಿದ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ಇವರು ಪೊಲೀಸರು ಕಣೇ. ನನ್ನನ್ನ ಕರ್ಕೊಂಡು ಹೋಗೋಕೆ ಬಂದಿದ್ದಾರೆ."

"ಯಾಕೆ?"

"ಚಿಲುಮೆ ದಾರಿ ಪಟ್ಟೆ ನಾನು ಬದಲಾಯಿಸಿದೆ. ಕೊರಕಲಿನ ಮೇಲೆ ಹಾಕಿದೆ. ಒಬ್ಬ ಹುಡುಗಿ ಅದನ್ನ ನಂಬಿ ಹೋಗಿ ಬಿದ್ದಳು. ತೊಡೆ ಮೂಳೆ ಮುರೀತು."

ಟೀಚರ್ ಮುಖ ಬಿಳುಚಿಕೊಂಡಿತು. ಬೆನ್ನು ನೆಟ್ಟಗಾಯಿತು. ಹಿಂದೊಮ್ಮೆ ಊರಿನ ಅರ್ಧ ಜನ ಆಕೆಯ ಹಿಂದೆ ಯಾಕೆ ನಡೆಯುತ್ತಿದ್ದರೆಂದು ಇನ್‌ಸ್ಪೆಕ್ಟರ್‌ಗೆ ಆಗ ತಿಳಿಯಿತು.

"ನೀವಾ?" ಎಂದರು. "ಕೊರಕಲಿನ ಮೇಲೆ ಪಟ್ಟೆ? ನೀವು?" ಕೈ ಬಿಡಿಸಿಕೊಂಡು ಸರಿದು ಕೂತರು. ಕಾಗದ ಕೊಡಿ ಎಂದು ಇನ್‌ಸ್ಪೆಕ್ಟರ್ ಕಡೆ ಕೈಚಾಚಿ, ಪೂರ್ತಿ ಓದಿ, ಒಂದು ಕಡೆ ಕಾಗುಣಿತ ತಿದ್ದಿ, ದುಂಡಗೆ ಸಹಿ ಹಾಕಿದರು.

ಆಕೆಯನ್ನು ಒಬ್ಬರನ್ನೇ ಬಿಟ್ಟು ಹೋಗುವಂತಿರಲಿಲ್ಲ. ಬಡಗಿ ತೊಲೆಯಿಂದ ಬೂಟು ಇಳಿಸಿ ತಂದು, ಮೊಣಕಾಲೂರಿ ಹೆಂಡತಿಗೆ ತೊಡಿಸಿದ. ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿದ್ದ ಜೀಪಿಗೆ ನಡೆದು ಬಂದರು. ಹಿಂದಿನ ಸೀಟಿನಲ್ಲಿ ಗಂಡ ಹೆಂಡತಿ, ಎದುರಿಗೆ ಕಾನ್‌ಸ್ಟೇಬಲ್. ಮೊದಲ ತಿರುವು ದಾಟುವಷ್ಟರಲ್ಲಿ ಟೀಚರ್ ತಾವಾಗಿಯೇ ಗಂಡನ ಕೈ ಹಿಡಿದುಕೊಂಡರು.

"ರೀ, ಎಲ್ಲಿಗೆ ಹೋಗ್ತಾ ಇದೀವಿ?"

"ಠಾಣೆಗೆ."

"ಯಾಕೆ?"

ಬಡಗಿ ಹೇಳಿದ. ಪಟ್ಟೆ, ಕೊರಕಲು, ಹುಡುಗಿ, ಮೂಳೆ. ಒಂದು ಮಾತನ್ನೂ ಬಿಡಲಿಲ್ಲ. ಆಕೆಗೆ ಅದು ಹೊಚ್ಚ ಹೊಸ ಸುದ್ದಿ. "ನೀವಾ?" ಎಂದು ಕೈ ಬಿಡಿಸಿಕೊಂಡು ಕಿಟಕಿಯ ಕಡೆ ತಿರುಗಿದರು. ಸೇತುವೆ ಬಂದಾಗ ಕೈ ಮತ್ತೆ ಗಂಡನ ಕೈಗೆ ಬಂತು. ಮತ್ತೆ ಅದೇ ಪ್ರಶ್ನೆ. ಬಡಗಿ ಮತ್ತೆ ಹೇಳಿದ. ಕೈ ಮತ್ತೆ ಹೋಯಿತು.

ಜೀಪು ಓಡಿಸುತ್ತಿದ್ದ ಇನ್‌ಸ್ಪೆಕ್ಟರ್‌ಗೆ ತಡೆಯಲಾಗಲಿಲ್ಲ. "ಬಿಡ್ರೀ ಸಾಕು. ಸುಮ್ನೆ ಪೇಟೆಗೆ ಹೋಗ್ತಾ ಇದೀವಿ ಅನ್ನಿ. ಅವರಿಗೇನು ಗೊತ್ತಾಗುತ್ತೆ?"

"ಊರಿಗೆಲ್ಲ ಸುಳ್ಳು ಹೇಳಿದೆ ಸಾರ್," ಎಂದ ಬಡಗಿ. "ಇವಳಿಗೆ ಇನ್ನೂ ಹೇಳಿಲ್ಲ."

ಠಾಣೆಯಲ್ಲಿ ಬೇಕಾದ್ದೆಲ್ಲ ಆಯಿತು. ವೈದ್ಯಕೀಯ ತಪಾಸಣೆ, ಬೆರಳಚ್ಚು, ಹೇಳಿಕೆ. ನಿರ್ಲಕ್ಷ್ಯದಿಂದ ಗಂಭೀರ ಗಾಯವುಂಟುಮಾಡಿದ ಆರೋಪ, ಜಾಮೀನು ಸಿಗುವಂಥದ್ದು. ತನಿಖಾ ದಿನಚರಿಯಲ್ಲಿ ಇನ್‌ಸ್ಪೆಕ್ಟರ್ ಬರೆದ: "ಆರೋಪಿಗೆ ಯಾರನ್ನೂ ಗಾಯಗೊಳಿಸುವ ಉದ್ದೇಶವಿರಲಿಲ್ಲ. ಹೆಂಡತಿಯ ಕಾಯಿಲೆ ಆಕೆಯ ಸಂಗಡಿಗರ ಕಣ್ಣಿಗೆ ಬೀಳಬಾರದೆಂದು ಆಕೆಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳಲು ಈ ಕೃತ್ಯ ಎಸಗಿದ್ದಾನೆ. ಇದರಿಂದ, ನಡಿಗೆಯೇ ಜೀವನೋಪಾಯವಾಗಿರುವ ಯುವತಿಯ ಕಾಲು ಮುರಿದಿದೆ." ಮೂರು ವಾಕ್ಯಗಳನ್ನೂ ಎರಡು ಸಲ ಓದಿದ. ಒಂದನ್ನೂ ಹೊಡೆದುಹಾಕಲು ಮನಸ್ಸಾಗಲಿಲ್ಲ.

ಜಾಮೀನಿಗೆ ಸಹಿ ಹಾಕಲು ಬಂದವಳು ದೂರು ಕೊಟ್ಟ ಬೇಕರಿಯಾಕೆಯೇ. ಕೈಯಲ್ಲಿ ಇನ್ನೂ ಹಿಟ್ಟಿತ್ತು. ಹಿಂದೆ ಬಸ್ ಡ್ರೈವರ್, ಔಷಧ ಅಂಗಡಿಯವನು. ಬೆಂಚಿನ ಮೇಲೆ ಗಂಡನ ಕೈ ಹಿಡಿದು ಕೂತಿದ್ದ ಟೀಚರನ್ನು ಕಂಡು ಮೂವರೂ ಬಾಗಿಲಲ್ಲೇ ನಿಂತರು. ಬಡಗಿ ತಲೆ ತಗ್ಗಿಸಿದ. ಇಷ್ಟು ದಿನ ಯಾವುದು ಆಗಬಾರದೆಂದು ಬಂಡೆಗಳಿಗೆ ಬಣ್ಣ ಹೊಡೆದಿದ್ದನೋ ಅದು ಆಗಿಯೇ ಹೋಗಿತ್ತು.

"ಒಂದು ಮಾತು ಹೇಳಬಾರದಿತ್ತಾ ಅಣ್ಣಾ?" ಎಂದಳು ಬೇಕರಿಯಾಕೆ. ಸಿಟ್ಟೂ ಅಳುವೂ ಒಟ್ಟಿಗೇ ಬಂದಿದ್ದವು. "ನಾವೇನು ಹೊರಗಿನವರಾ? ಆ ಹುಡುಗಿಗೆ ನಾನೇನು ಹೇಳಲಿ ಈಗ?"

ಟೀಚರ್ ತಲೆಯೆತ್ತಿ ಆಕೆಯನ್ನು ನೋಡಿದರು. ಗುರುತು ಸಿಗಲಿಲ್ಲ. "ಯಾಕಮ್ಮ ಅಳ್ತಾ ಇದೀಯ? ಏನಾಯ್ತು?"

ಬೇಕರಿಯಾಕೆ ಕಣ್ಣೊರೆಸಿಕೊಂಡಾಗ ಕೆನ್ನೆಗೆ ಹಿಟ್ಟು ಮೆತ್ತಿತು. ಟೀಚರ್ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಏನೂ ಆಗಿಲ್ಲ ಟೀಚರ್. ಏನೇನೂ ಆಗಿಲ್ಲ. ನಿಮ್ಮನ್ನ ಮನೆಗೆ ಕರ್ಕೊಂಡು ಹೋಗೋಕೆ ಬಂದೆ."

"ಆಗಿದೆ," ಎಂದ ಬಡಗಿ.

ಎಲ್ಲರೂ ಅವನತ್ತ ತಿರುಗಿದರು. ಅವನು ಹೆಂಡತಿಯ ಕಡೆಗೆ ಮಾತ್ರ ನೋಡುತ್ತಿದ್ದ.

"ಚಿಲುಮೆ ದಾರಿ ಪಟ್ಟೆ ನಾನು ಬದಲಾಯಿಸಿದೆ ಕಣೇ," ಎಂದು ಮೊದಲಿನಿಂದ ಹೇಳತೊಡಗಿದ. ಹೇಳುತ್ತಾ, ತನ್ನ ಬೆರಳುಗಳನ್ನು ತಾನೇ ಸಡಿಲಿಸಿದ, ಆಕೆಗೆ ಕೈ ಬಿಡಿಸಿಕೊಳ್ಳುವಾಗ ನೋವಾಗದಿರಲೆಂದು.